ನಿಮ್ಮ ಅಮ್ಮ ಮುಂಬಯಿ ನೋಡಿದ್ದಾರೆ

ಓದುಗರ ಪತ್ರ: "ಅರವತ್ತೆಂಟು ವರ್ಷದ ಅಮ್ಮನನ್ನು ಜನವರಿಯಲ್ಲಿ ನಾಲ್ಕು ದಿನ ಮುಂಬಯಿಗೆ ಕರೆತಂದಿದ್ದೆ. ಎರಡು ತಿಂಗಳ ಮೊದಲೇ ಹೋಟೆಲು, ಕಾರು ಎಲ್ಲ ಗೊತ್ತು ಮಾಡಿದ್ದೆ. ಮೊದಲ ದಿನ ಗೇಟ್‌ವೇ, ಮರೀನ್ ಡ್ರೈವ್ ಮುಗಿಯಿತು. ಅಮ್ಮ ದಿನವಿಡೀ ಸರಿಯಾಗಿ ನೀರು ಕುಡಿಯದೆ ಸುಸ್ತಾದರು. ಎರಡನೆಯ ದಿನ ಎಲಿಫೆಂಟಾ ಬೇಡ, ಮಾಟುಂಗಾಕ್ಕೆ ಹೋಗೋಣ ಎಂದು ಹಠ ಹಿಡಿದರು. ತೀರಿಕೊಂಡ ಸೋದರಮಾವ ಕಳುಹಿಸಿದ್ದ ಮನಿಯಾರ್ಡರಿನ ಹಳೆಯ ಕೂಪನ್ ಒಂದನ್ನು ತೋರಿಸುತ್ತ ಅಲ್ಲಿ ಸಿಕ್ಕವರನ್ನೆಲ್ಲ ವಿಚಾರಿಸಿದರು. ಮನೆಯಲ್ಲಿ ದಿನವೂ ತಿನ್ನುವ ಇಡ್ಲಿಯನ್ನೇ ತಿಂದರು. ಸ್ಟೇಶನ್ನಿನ ಬೆಂಚಿನ ಮೇಲೆ ಒಂದೂವರೆ ಗಂಟೆ ಕುಳಿತರು. ಲೋವರ್ ಪರೇಲಿನ ಮಾಲ್, ಸೀ ಲಿಂಕ್ ಎರಡೂ ತಪ್ಪಿದವು. ಈಗ ಊರಿನಲ್ಲಿ 'ಮುಂಬಯಿ ನೋಡಿ ಬಂದೆ' ಎನ್ನುತ್ತಿದ್ದಾರೆ. ನಾವು ಏನೂ ನೋಡಲಿಲ್ಲ ಎಂದೇ ನನ್ನ ಕೊರಗು. ವಯಸ್ಸಾದವರನ್ನು ಪ್ರವಾಸಕ್ಕೆ ಕರೆತರುವುದೇ ತಪ್ಪೇ?"
(ಕುಂದಾಪುರ ಮೂಲದ, ಬೆಂಗಳೂರಿನಲ್ಲಿ ನೆಲೆಸಿರುವ ಓದುಗರು)

ಸಂಪಾದಕರ ಉತ್ತರ:

ನಿಮ್ಮ ಪತ್ರ ನಾಲ್ಕು ಪುಟಗಳದ್ದು. ಮೇಲೆ ಅಚ್ಚಾಗಿರುವುದು ಅದರ ಸಾರ ಮಾತ್ರ. ಕಾರಿನವನ ಬಗ್ಗೆ ಒಂದು ಪುಟ ಬರೆದಿದ್ದೀರಿ, ಹೋಟೆಲಿನ ಕೋಣೆಯ ಬಗ್ಗೆ ಅರ್ಧ ಪುಟ. ಕೂಪನ್ನಿನ ಬಗ್ಗೆ ಇರುವುದು ಒಂದೇ ಸಾಲು. ನಾನು ಆ ಸಾಲಿನ ಬಳಿಯೇ ನಿಂತುಬಿಟ್ಟೆ.

ಮೊದಲು ನಿಮಗೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತೇನೆ. ರಜೆ ಹಾಕಿ, ಕೈಯಿಂದ ಖರ್ಚು ಮಾಡಿ ಅಮ್ಮನಿಗೆ ಊರು ತೋರಿಸಲು ಹೊರಟ ನಿಮ್ಮ ಪ್ರೀತಿ ದೊಡ್ಡದು. ಎಲಿಫೆಂಟಾ ತಪ್ಪಿದ್ದು ನಷ್ಟವೇ. ಅಲ್ಲಿನ ಗುಹೆಯಲ್ಲಿರುವ ಮೂರು ಆಳೆತ್ತರದ ಆ ಸದಾಶಿವನ ಮೂರ್ತಿಯ ಎದುರು ನಿಂತಾಗ ಮಾತು ತಾನಾಗಿ ನಿಂತುಹೋಗುತ್ತದೆ. ಆದರೆ ಅಲ್ಲಿಗೆ ದೋಣಿಯಲ್ಲಿ ಒಂದು ಗಂಟೆಯ ಪಯಣ, ಆಮೇಲೆ ಸುಮಾರು ನೂರಿಪ್ಪತ್ತು ಮೆಟ್ಟಿಲು. ಆ ದ್ವೀಪಕ್ಕೆ ಪೋರ್ಚುಗೀಸರಿಂದ ಎಲಿಫೆಂಟಾ ಎಂಬ ಹೆಸರು ಬರಲು ಕಾರಣವಾದ ಕಲ್ಲಾನೆ ಈಗ ಬೈಕುಲಾದ ಜೀಜಾಮಾತಾ ಉದ್ಯಾನದ ಬಳಿ, ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಆವರಣದಲ್ಲಿ ನಿಂತಿದೆ. ಮಂಡಿನೋವಿನವರೂ ಸಮತಟ್ಟಾದ ನೆಲದಲ್ಲಿ ನಡೆದು ಹೋಗಿ ನೋಡಬಹುದು. ಮುಂದಿನ ಸಲಕ್ಕೆ ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ನಿಮ್ಮ ಅಮ್ಮನ ವಿಷಯ. ಅವರು ನೋಡಿದ್ದು ಮುಂಬಯಿಯನ್ನೇ. ಇದರಲ್ಲಿ ನನಗೆ ಲವಲೇಶವೂ ಸಂದೇಹವಿಲ್ಲ.

ನಮ್ಮ ಕರಾವಳಿಯ ಆ ತಲೆಮಾರಿನ ಹೆಂಗಸರಿಗೆ ಮುಂಬಯಿ ಎಂದರೇನು ಎಂದು ಒಮ್ಮೆ ಯೋಚಿಸಿ. ಅದು ಹುಡುಗರನ್ನು ಕರೆದುಕೊಂಡು ಹೋಗಿ, ಬದಲಿಗೆ ತಿಂಗಳಿಗೊಂದು ಮನಿಯಾರ್ಡರ್ ಕಳುಹಿಸುತ್ತಿದ್ದ ಊರು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಮೊದಲು ಹೋದವರು ಘಟ್ಟ ಹತ್ತಿ ಬಸ್ಸಿನಲ್ಲಿ ಹೋದರು, ಇನ್ನೂ ಹಿಂದಿನವರು ಹಡಗಿನಲ್ಲಿ. ಹೋದವರು ವರ್ಷಕ್ಕೊಮ್ಮೆ ಬಂದರೆ ಅದೇ ಹೆಚ್ಚು. ಉಳಿದ ಹನ್ನೊಂದು ತಿಂಗಳು ಮನೆಯವರ ಕೈಯಲ್ಲಿ ಇರುತ್ತಿದ್ದುದು ಆ ಕೂಪನ್ ಮಾತ್ರ. ಹಣವನ್ನು ಅಂಚೆಯಣ್ಣ ಎಣಿಸಿ ಕೊಡುತ್ತಿದ್ದ, ಫಾರಂ ಹಿಂದಕ್ಕೆ ಹೋಗುತ್ತಿತ್ತು, ಅದರಿಂದ ಹರಿದ ಆ ಸಣ್ಣ ತುಂಡು ಮನೆಯಲ್ಲಿ ಉಳಿಯುತ್ತಿತ್ತು. ನಾಲ್ಕು ಸಾಲು ಹಿಡಿಸುವಷ್ಟೇ ಜಾಗ. 'ನಾನು ಕ್ಷೇಮ, ಅಮ್ಮನ ಔಷಧಿಗೆ ಇಷ್ಟು, ತಂಗಿಯ ಶಾಲೆಗೆ ಇಷ್ಟು.' ಹಣ ಆ ತಿಂಗಳೇ ಕರಗಿತು. ನಿಮ್ಮ ಅಮ್ಮನ ಚೀಲದಲ್ಲಿ ಕಾಗದ ಉಳಿದಿದೆ.

ಆ ಕಾಗದ ಹೊರಟ ಜಾಗ ಯಾವುದು ಎಂದು ನೋಡಲು ಅವರು ಇಷ್ಟು ವರ್ಷ ಕಾದು ಬಂದಿದ್ದರು. ನೀವು ಅವರನ್ನು ಗೇಟ್‌ವೇಗೆ ಕರೆದೊಯ್ದಿರಿ. 1911ರಲ್ಲಿ ಬಂದ ಒಬ್ಬ ರಾಜ ಮತ್ತು ರಾಣಿಯ ನೆನಪಿಗೆ ಕಟ್ಟಿದ ಕಮಾನು ಅದು, ಮುಗಿದದ್ದು 1924ರಲ್ಲಿ. ಚೆಂದದ ಕಟ್ಟಡ, ಒಪ್ಪುತ್ತೇನೆ. ಆದರೆ ಅಣ್ಣ ಬಂದಿಳಿದ ಜಾಗವನ್ನು ಹುಡುಕುವ ತಂಗಿಗೆ ಐದನೆಯ ಜಾರ್ಜ್ ಬಂದಿಳಿದ ಜಾಗದಲ್ಲಿ ಏನು ಕೆಲಸ?

ಮಾಟುಂಗಾದ ಇಡ್ಲಿಯ ಬಗ್ಗೆ ನೀವು ಬೇಸರದಿಂದ ಬರೆದಿದ್ದೀರಿ. ತಿಂಡಿಯ ಹೆಸರು ಒಂದೇ, ನಿಜ. ಆದರೆ ಮಾಟುಂಗಾ ಊರು ಬಿಟ್ಟು ಬಂದ ನಮ್ಮವರು ನೆಲೆ ಕಂಡ ಬಡಾವಣೆ. ಎ. ರಾಮ ನಾಯಕರು ಅಲ್ಲಿನ ಸ್ಟೇಶನ್ನಿನ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಕನ್ನಡಿಗರ ಮೈಸೂರು ಅಸೋಸಿಯೇಷನ್ ಇರುವುದೂ ಮಾಟುಂಗಾದಲ್ಲೇ, 1926ರದ್ದು. ಕರ್ನಾಟಕ ಸಂಘ 1933ರದ್ದು. ಇಂಥ ಹೋಟೆಲುಗಳಲ್ಲಿ ಹಗಲು ಮಾಣಿಯಾಗಿ ಲೋಟ ತೊಳೆದ ಹುಡುಗರು ಸಂಜೆ ಕೈ ಒರೆಸಿಕೊಂಡು ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿಯವರು 1908ರಷ್ಟು ಹಿಂದೆಯೇ ರಾತ್ರಿ ಶಾಲೆ ತೆರೆದರು. ಅಲ್ಲಿ ಕಲಿತವರಲ್ಲಿ ವಕೀಲರಾದವರಿದ್ದಾರೆ, ಬ್ಯಾಂಕಿನ ಅಧಿಕಾರಿಗಳಾದವರಿದ್ದಾರೆ. ನಮ್ಮ ಪತ್ರಿಕೆಗೆ ಚಂದಾ ಕಟ್ಟಿ ಬೆಳೆಸಿದವರೂ ಅವರೇ. ನಿಮ್ಮ ಸೋದರಮಾವ ಅವರಲ್ಲಿ ಒಬ್ಬರಾಗಿದ್ದರೇ? ಪತ್ರದಲ್ಲಿ ನೀವು ಹೇಳಿಲ್ಲ. ಅಮ್ಮನನ್ನು ಕೇಳಿದ್ದೀರೋ ಇಲ್ಲವೋ ಅದೂ ತಿಳಿಯಲಿಲ್ಲ. ಕೇಳಿಲ್ಲವಾದರೆ ಅದಕ್ಕೆ ನಾನು ನಿಮ್ಮ ಮೇಲೆ ಸ್ವಲ್ಪ ಸಿಟ್ಟಾಗುತ್ತೇನೆ, ಹಿರಿಯರ ಸಿಟ್ಟು ಎಂದು ಸಹಿಸಿಕೊಳ್ಳಿ.

ಸ್ಟೇಶನ್ನಿನ ಬೆಂಚಿನ ಆ ಒಂದೂವರೆ ಗಂಟೆಯನ್ನು ದಂಡವೆಂದು ಎಣಿಸಿದ್ದೀರಿ. ನನಗೆ ನನ್ನ ಅಮ್ಮ ನೆನಪಾದಳು. 1992ರಲ್ಲಿ ಅವಳು ಮೊದಲ ಬಾರಿಗೆ ಮುಂಬಯಿಯ ನನ್ನ ಖೋಲಿಗೆ, ಅಂದರೆ ಕೋಣೆಗೆ, ಬಂದಿದ್ದಳು. ಚರ್ಚ್‌ಗೇಟ್‌ನಿಂದ ಬೊರಿವಲಿಗೆ ಮಹಿಳೆಯರದೇ ರೈಲು ಶುರುವಾದದ್ದು ಆ ವರ್ಷದ ಮೇ ತಿಂಗಳಲ್ಲಿ. ಸಂಜೆ ಚರ್ಚ್‌ಗೇಟ್‌ನಲ್ಲಿ ಅದನ್ನು ಕಂಡವಳು ಕಾಲು ಕಿತ್ತಿಡಲಿಲ್ಲ. ಬಾಗಿಲಲ್ಲಿ ಹೆಂಗಸರು, ಕಿಟಕಿಯಲ್ಲಿ ಹೆಂಗಸರು, ಕುಳಿತು ಬಟಾಣಿ ಸುಲಿಯುತ್ತಿರುವ ಹೆಂಗಸರು. "ಇವರೆಲ್ಲ ಸಂಬಳದವರಾ?" ಎಂದು ಕೇಳಿದಳು. ಹೌದೆಂದೆ. ಮರುದಿನ ಹ್ಯಾಂಗಿಂಗ್ ಗಾರ್ಡನ್‌ಗೆ ಹೊರಡಲು ನಾನು ಸಿದ್ಧನಾದರೆ, ಅವಳು ಮತ್ತೆ ಆ ರೈಲನ್ನೇ ನೋಡಬೇಕೆಂದಳು. ಅಂದು ನಾನೂ ನಿಮ್ಮ ಹಾಗೆಯೇ ಮುಖ ಗಂಟಿಕ್ಕಿಕೊಂಡು ಕರೆದೊಯ್ದೆ. ಊರಿನಲ್ಲಿ ಸಾಯುವವರೆಗೂ ಮುಂಬಯಿ ಎಂದರೆ ಅವಳು ಹೇಳುತ್ತಿದ್ದುದು ಆ ರೈಲಿನ ಕಥೆಯನ್ನೇ. ನನ್ನ ತಂಗಿಯ ಕಾಲೇಜು ಬಿಡಿಸುವ ಮಾತು ಬಂದಾಗ ಮನೆಯಲ್ಲಿ ಎದ್ದು ನಿಂತು ಬೇಡವೆಂದವಳೂ ಅವಳೇ.

ನಿಮ್ಮ ಅಮ್ಮ ಕುಳಿತಿದ್ದ ಮಾಟುಂಗಾ ಸ್ಟೇಶನ್, ಮಧ್ಯ ರೈಲ್ವೆಯದ್ದೇ ಆಗಿದ್ದರೆ, 2017ರಿಂದ ಮಹಿಳೆಯರೇ ನಡೆಸುತ್ತಿರುವ ನಿಲ್ದಾಣ. ಟಿಕೆಟ್ ಕೊಡುವವರು, ತಪಾಸಣೆ ಮಾಡುವವರು, ವ್ಯವಸ್ಥಾಪಕಿ, ಎಲ್ಲರೂ ಹೆಂಗಸರು. ನೀವು ಮೊಬೈಲಿನಲ್ಲಿ ಕಾರಿನವನಿಗೆ ಸಮಾಧಾನ ಹೇಳುತ್ತಿದ್ದ ಹೊತ್ತಿನಲ್ಲಿ ಅವರು ಇದನ್ನು ಗಮನಿಸಿದ್ದರೆ ನನಗೆ ಆಶ್ಚರ್ಯವಿಲ್ಲ.

ಅವರು ನೀರು ಕುಡಿಯಲಿಲ್ಲ ಎಂದಿರಲ್ಲ, ಅದಕ್ಕೆ ಬರುತ್ತೇನೆ. ಬಾಯಾರಿಕೆ ಇಲ್ಲದೆ ಅಲ್ಲ, ಮಗಳೇ. ಆ ವಯಸ್ಸಿನ ತಾಯಂದಿರು ಮನೆಯಿಂದ ಹೊರಟ ಗಳಿಗೆಯಿಂದಲೇ ಗಂಟಲು ಒಣಗಿಸಿಕೊಳ್ಳುತ್ತಾರೆ, ಏಕೆಂದರೆ ಮುಂದಿನ ಶೌಚಾಲಯ ಎಲ್ಲಿದೆಯೋ, ಬೀಗ ಹಾಕಿದೆಯೋ, ಒಳಗೆ ಕಾಲಿಡುವಂತಿದೆಯೋ ಗೊತ್ತಿಲ್ಲ. ಇದೇ ನಗರದ ಮಹಿಳೆಯರು 2011ರಲ್ಲಿ ಒಂದು ಆಂದೋಲನವನ್ನೇ ಎಬ್ಬಿಸಬೇಕಾಯಿತು. ಗಂಡಸರಿಗೆ ಪುಕ್ಕಟೆಯಾದದ್ದಕ್ಕೆ ನಾವೇಕೆ ಕಾಸು ಕೊಡಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ದೋಣಿಯಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಎಂದು ನೀವು ಹೇಳಿದಾಗ ಅವರ ಮನಸ್ಸು ಮೊದಲು ಲೆಕ್ಕ ಹಾಕಿದ್ದು ಇದನ್ನೇ ಇರಬೇಕು. ಬಾಯಿ ಬಿಟ್ಟು ಹೇಳಲು ಸಂಕೋಚ. 'ಬೇಡ' ಎಂದರು, ನೀವು ಹಠವೆಂದುಕೊಂಡಿರಿ.

ಕೂರುವ ಜಾಗದ ಕಥೆಯೂ ಹೀಗೆಯೇ. ಹಣ ಕೊಡದೆ ಒಬ್ಬ ಮುದುಕಿ ನೆರಳಿನಲ್ಲಿ ಅರ್ಧ ಗಂಟೆ ಕೂರುವ ಜಾಗಗಳು ಈ ಊರಿನಲ್ಲಿ ಎಷ್ಟಿವೆ? ಮರೀನ್ ಡ್ರೈವ್‌ನ ಕಟ್ಟೆ ಇದೆ, ಹಗಲಲ್ಲಿ ಅದರ ಮೇಲೆ ನೆರಳಿಲ್ಲ. ಸ್ಟೇಶನ್ನಿನ ಬೆಂಚು ಬಿಟ್ಟರೆ ಅವರಿಗೆ ಬೇರೆ ಯಾವ ಜಾಗವಿತ್ತು? ಪ್ರವಾಸದ ಪಟ್ಟಿ ತಯಾರಿಸುವವರಿಗೆ ಇದರ ಪರಿವೆ ಇಲ್ಲ. ಎಲ್ಲರ ಪಟ್ಟಿಯೂ ಒಂದೇ, ಹತ್ತು ಸ್ಥಳ, ಒಂದೊಂದಕ್ಕೆ ಮುಕ್ಕಾಲು ಗಂಟೆ, ನಿಂತು ಚಿತ್ರ ತೆಗೆದು ಮುಂದಕ್ಕೆ. ನಿಮ್ಮ ಪಟ್ಟಿಯಲ್ಲಿದ್ದ ಲೋವರ್ ಪರೇಲಿನ ಮಾಲ್ ಎದ್ದಿರುವುದು ಫೀನಿಕ್ಸ್ ಬಟ್ಟೆ ಗಿರಣಿಯ ಜಾಗದಲ್ಲಿ. 1982ರ ಜನವರಿಯಲ್ಲಿ ಶುರುವಾದ ಮುಷ್ಕರದಲ್ಲಿ ಈ ನಗರದ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು, ಬಹಳಷ್ಟು ಮಂದಿ ಮರಳಿ ಒಳಗೆ ಹೋಗಲೇ ಇಲ್ಲ. ಅವರು ಬದುಕಿದ ಸಾಲುಕೋಣೆಗಳ ಚಾಳುಗಳನ್ನು ಯಾವ ಪಟ್ಟಿ ತೋರಿಸುತ್ತದೆ? ನಮ್ಮ ಹುಡುಗರು ಸಾಲಾಗಿ ಮಲಗುತ್ತಿದ್ದ ಹೋಟೆಲಿನ ಅಟ್ಟಗಳನ್ನು, ಅಕ್ಷರ ಕಲಿತ ರಾತ್ರಿ ಶಾಲೆಗಳನ್ನು ಯಾರು ತೋರಿಸುತ್ತಾರೆ? ಮಕ್ಕಳಿಲ್ಲದೆ ಆ ಶಾಲೆಗಳು ಬಾಗಿಲು ಮುಚ್ಚುತ್ತಿರುವುದನ್ನು ಕಣ್ಣಾರೆ ಕಾಣುತ್ತಿದ್ದೇನೆ. ಗೋಡೆಯ ಮೇಲೆ ಒಂದು ಫಲಕ ಹಾಕುವಷ್ಟು ಕನ್ನಡಿಗರೂ ಮನಸ್ಸು ಮಾಡಲಿಲ್ಲ. ಕಾದಂಬರಿಕಾರ ಯಶವಂತ ಚಿತ್ತಾಲರು ಬಾಂದ್ರಾದ ಕಡಲೆದುರಿನ ಮನೆಯಲ್ಲಿ ಕುಳಿತು ತಮ್ಮ ಹುಟ್ಟೂರು ಹನೇಹಳ್ಳಿಯ ಬಗ್ಗೆ ಬರೆದರು. ಹನೇಹಳ್ಳಿಯಂಥ ಊರುಗಳಿಂದ ಬರುವ ಎಷ್ಟು ಜನ ಬಾಂದ್ರಾದಲ್ಲಿ ಇಳಿದು ಆ ದಾರಿ ಕೇಳುತ್ತಾರೆ?

ವಯಸ್ಸಾದವರನ್ನು ಕರೆತರುವುದು ತಪ್ಪೇ ಎಂದು ಕೇಳಿದ್ದೀರಿ. ಖಂಡಿತ ಕರೆತನ್ನಿ. ಕಾರು ಬೇಡ, ಮಧ್ಯಾಹ್ನದ ಹೊತ್ತು ಜನ ಕಡಿಮೆ ಇರುವಾಗ ಲೋಕಲ್ಲಿನ ಮಹಿಳೆಯರ ಡಬ್ಬಿಯಲ್ಲಿ ಕರೆದೊಯ್ಯಿರಿ. ದಿನಕ್ಕೆ ಒಂದೇ ಜಾಗ ಸಾಕು, ಅದನ್ನು ಅವರೇ ಆರಿಸಲಿ.

ಒಂದು ಕೆಲಸ ಬಾಕಿ ಇದೆ. ಮಾಟುಂಗಾದಲ್ಲಿ ವಿಚಾರಿಸಿದಾಗ ಆ ವಿಳಾಸ ಸಿಕ್ಕಿತೇ ಎಂದು ನೀವು ಬರೆದಿಲ್ಲ, ಸಿಕ್ಕಿಲ್ಲವೆಂದು ತೋರುತ್ತದೆ. ಕೂಪನ್ನಿನ ಎರಡೂ ಬದಿಯ ಚಿತ್ರ ತೆಗೆದು ನಮ್ಮ ಕಚೇರಿಗೆ ಕಳುಹಿಸಿ. ಅಂಚೆ ಮುದ್ರೆ ಮಾಸಿದ್ದರೂ ಚಿಂತೆಯಿಲ್ಲ. ಆ ಕಾಲದಲ್ಲಿ ಅದೇ ಬೀದಿಗಳ ಹೋಟೆಲುಗಳಲ್ಲಿ ದುಡಿದವರು ನಮ್ಮ ಓದುಗರಲ್ಲಿ ಇನ್ನೂ ಇದ್ದಾರೆ, ಎಂಬತ್ತು ದಾಟಿದವರು. ನಿಮ್ಮ ಅಮ್ಮ ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಅದನ್ನು ಅಚ್ಚು ಹಾಕುತ್ತೇವೆ. ಮೊದಲು ಅವರನ್ನು ಕೇಳಿ.