ಅಡುಗೆಮನೆಯಲ್ಲಿ ಉಳಿದ ಹನ್ನೊಂದು ಪಾತ್ರೆಗಳು

(ಗುರುತು ಸಿಗದಂತೆ ಊರು, ವಯಸ್ಸು, ಉದ್ಯೋಗದ ವಿವರಗಳನ್ನು ಬದಲಿಸಿದ್ದೇನೆ.)

ಆಕೆ ಮಲೆನಾಡಿನವರು. ದಾದಿಯಾಗಿ ಇಂಗ್ಲೆಂಡಿಗೆ ಹೋಗಿ ಇಪ್ಪತ್ತು ವರ್ಷ ದಾಟಿದೆ. ಗಂಡ ಅಲ್ಲಿಯವರೇ, ಕ್ವೇಕರ್ ಮನೆತನದವರು. ಕ್ವೇಕರರೆಂದರೆ ಮೌನವಾಗಿ ಒಟ್ಟಿಗೆ ಕೂತು ಪ್ರಾರ್ಥಿಸುವ ಒಂದು ಕ್ರೈಸ್ತ ಪಂಥದವರು; ತಾವು ಸೇರುವ ಕೂಟವನ್ನು ಸಭೆ ಎನ್ನುತ್ತಾರೆ. ಗಂಡ ತೀರಿಕೊಂಡು ಐದು ತಿಂಗಳಾಗಿತ್ತು. ಕನ್ನಡದಲ್ಲಿ ಮಾತನಾಡಿ ಹಗುರಾಗಬೇಕು ಎಂದು ವಿಡಿಯೊ ಕರೆಯಲ್ಲಿ ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದರು.

ಮೊದಲ ದಿನ ಹೊರಬಿದ್ದದ್ದು ಅಳುವಲ್ಲ, ಸಿಟ್ಟು. "ಅವರ ಸಭೆಯವರು ಬಂದರು ಮೇಡಂ, ಬಂದು ಸುಮ್ಮನೆ ಕುಳಿತರು. ಹೇಗಾಯಿತು, ಕೊನೆಗಳಿಗೆಯಲ್ಲಿ ಏನಾದರೂ ಹೇಳಿದರೇ ಎಂದು ಒಬ್ಬರೂ ಕೇಳಲಿಲ್ಲ. ನಮ್ಮೂರಾಗಿದ್ದರೆ ಬಾಗಿಲಲ್ಲೇ ತಬ್ಬಿಕೊಂಡು ಅಳುತ್ತಿದ್ದರು." ಅಂತ್ಯವಿಧಿಯೂ ಹಾಗೆಯೇ ನಡೆದಿತ್ತು. ಪಾದ್ರಿ ಇಲ್ಲ, ಹಾಡಿಲ್ಲ. ಎಲ್ಲರೂ ಮೌನವಾಗಿ ಕುಳಿತರು, ಹೇಳಬೇಕೆನಿಸಿದವರು ಎದ್ದು ನಾಲ್ಕು ಮಾತು ಹೇಳಿದರು, ಕೊನೆಗೆ ಹಿರಿಯರಿಬ್ಬರು ಕೈಕುಲುಕಿದರು. "ಸಂತೆಯಲ್ಲಿ ವ್ಯಾಪಾರ ಕುದುರಿದ ಹಾಗೆ" ಎಂದರು ಆಕೆ.

ಎರಡನೆಯ ಭೇಟಿಯಲ್ಲಿ, ಊಟ ಸರಿಯಾಗಿ ಮಾಡುತ್ತಿದ್ದೀರಾ ಎಂದು ಕೇಳಿದಾಗ ಮೊಬೈಲನ್ನು ಅಡುಗೆಮನೆಯತ್ತ ತಿರುಗಿಸಿದರು. ಕಟ್ಟೆಯ ಮೇಲೆ ಹನ್ನೊಂದು ಪಾತ್ರೆಗಳು. ಗಾಜಿನವು, ಪಿಂಗಾಣಿಯವು, ತೊಳೆದು ಬೋರಲು ಹಾಕಿದವು. ಪ್ರತಿಯೊಂದರ ಅಡಿಗೂ ಕಾಗದದ ಪಟ್ಟಿ ಅಂಟಿಸಿ ಹೆಸರು ಬರೆದಿತ್ತು. ಮೊದಲ ಎರಡು ತಿಂಗಳು ಸರದಿ ಹಾಕಿಕೊಂಡು ಸಭೆಯವರು ಅಡುಗೆ ತಂದಿಟ್ಟ ಪಾತ್ರೆಗಳು ಅವು. "ಹಿಂತಿರುಗಿಸಿಲ್ಲವೇ?" ಎಂದೆ. "ಖಾಲಿ ಪಾತ್ರೆ ಹೇಗೆ ಕೊಡಲಿ? ಏನಾದರೂ ಮಾಡಿ ತುಂಬಿಕೊಡಲು ಕೈಲಾಗುತ್ತಿಲ್ಲ." ಪಾತ್ರೆ ಕೊಡಲಾಗದ ಸಂಕೋಚಕ್ಕೆ ಸಭೆಗೆ ಹೋಗುವುದನ್ನೂ ಬಿಟ್ಟಿದ್ದರು. ಅವರು ಏಕಾಂತ ಬಯಸುತ್ತಿದ್ದಾರೆಂದು ಭಾವಿಸಿದ ಸಭೆಯವರು ದೂರ ಸರಿದಿದ್ದರು. ಯಾರದೂ ತಪ್ಪಿಲ್ಲ. ಆದರೂ ಆಕೆ ಒಬ್ಬಂಟಿಯಾಗಿದ್ದರು.

ಆ ಮೌನವನ್ನು ಆಕೆ ಅಸಡ್ಡೆ ಎಂದು ಓದಿಕೊಂಡಿದ್ದು ನನಗೆ ಅರ್ಥವಾಗುತ್ತದೆ. ಆದರೆ ಕ್ವೇಕರರಿಗೆ ಸುಮ್ಮನೆ ಜೊತೆಗೆ ಕೂರುವುದೇ ಪ್ರಾರ್ಥನೆ. ಯಾರನ್ನಾದರೂ "ಬೆಳಕಿನಲ್ಲಿ ಇರಿಸುತ್ತೇವೆ" ಎಂದು ಅವರು ಹೇಳುವುದು, ಆ ಹೊತ್ತಿನಲ್ಲಿ ಆ ವ್ಯಕ್ತಿಯನ್ನೇ ಮನಸ್ಸಿನಲ್ಲಿ ತುಂಬಿಕೊಂಡಿರುತ್ತೇವೆ ಎಂಬ ಅರ್ಥದಲ್ಲಿ. ಕೈಯಿಂದ ಮಾಡುವ ನೆರವೂ ಈ ಪಂಥದಷ್ಟೇ ಹಳೆಯದು. ನಂಬಿಕೆಗಾಗಿ ಜೈಲು ಸೇರಿದವರಿಗೂ ಅವರ ಮನೆಯವರಿಗೂ ಆಸರೆಯಾಗಲು ಪಂಥದ ಮೊದಲ ತಲೆಮಾರಿನ ಮಾರ್ಗರೆಟ್ ಫೆಲ್ 1654ರಲ್ಲೇ ಕೆಂಡಾಲ್ ನಿಧಿ ಕೂಡಿಸಿದ್ದರು. ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟುತ್ತಿದ್ದ ಕಾಲದಲ್ಲಿ, 1796ರಲ್ಲಿ, ಯಾರ್ಕ್‌ನಲ್ಲಿ ಕ್ವೇಕರ್ ವಿಲಿಯಂ ಟ್ಯೂಕ್ ಮತ್ತು ಸಂಗಡಿಗರು ತೆರೆದ 'ರಿಟ್ರೀಟ್' ಎಂಬ ಆರೈಕೆಯ ಮನೆ ಸರಪಳಿ ಬಿಟ್ಟು ಅವರನ್ನು ಮರ್ಯಾದೆಯಿಂದ ನಡೆಸಿಕೊಂಡಿತು. ನನ್ನ ವೃತ್ತಿಯವರು ಆ ಮನೆಗೆ ಋಣಿಗಳು. ಇದನ್ನೆಲ್ಲ ಆಕೆಗೆ ಪಾಠದಂತೆ ಒಪ್ಪಿಸಲಿಲ್ಲ. "ಆ ಹನ್ನೊಂದು ಜನ ನಿಮಗೆ ಹೇಳಬೇಕಾದ ಮಾತನ್ನು ಪಾತ್ರೆಯಲ್ಲಿ ಇಟ್ಟು ತಂದಿದ್ದರೇನೋ" ಎಂದಷ್ಟೇ ಅಂದೆ. ಆಗ ಮೊದಲ ಸಲ ಅತ್ತರು.

ನಾನು ಕೊಟ್ಟ ಸಲಹೆ ಸಣ್ಣದು. ಅಡುಗೆ ಮಾಡಲು ಹೋಗಬೇಡಿ, ಪ್ರತಿ ಪಾತ್ರೆಗೂ ಒಂದು ಹಿಡಿ ಸಕ್ಕರೆ ಹಾಕಿ, ವಾರಕ್ಕೆ ಎರಡರಂತೆ ನೀವೇ ಕೊಂಡೊಯ್ದು ಕೊಡಿ. ಸಕ್ಕರೆ ಯಾಕೆ ಎಂದು ಕೇಳಿದರೆ ನಮ್ಮ ಪದ್ಧತಿ ಹೇಳಿ, ಅಲ್ಲಿಂದ ಮಾತು ತಾನಾಗಿ ಶುರುವಾಗುತ್ತದೆ. ಸದಸ್ಯರ ಕಷ್ಟಸುಖ ವಿಚಾರಿಸುವ ಹೊಣೆ ಹೊತ್ತವರು ಸಭೆಯಲ್ಲಿ ಇರುತ್ತಾರೆ. ಅವರ ಹತ್ತಿರ "ಚೆನ್ನಾಗಿದ್ದೇನೆ" ಎನ್ನಬೇಡಿ. "ಭಾನುವಾರ ಸಂಜೆ ಕಷ್ಟ, ಯಾರಾದರೂ ಬನ್ನಿ, ನಾನು ನನ್ನ ಗಂಡನ ಬಗ್ಗೆ ಜೋರಾಗಿ ಮಾತನಾಡುತ್ತೇನೆ, ಅತ್ತರೆ ಗಾಬರಿಯಾಗಬೇಡಿ" ಎಂದು ನೇರವಾಗಿ ಕೇಳಿ. ರಾತ್ರಿ ಮೂರು ತಾಸಿನ ನಿದ್ದೆಯೂ ಬರುತ್ತಿಲ್ಲ ಎಂದಿದ್ದರಿಂದ, ಅಲ್ಲಿನ ವೈದ್ಯರನ್ನು ಅದೇ ವಾರ ಕಾಣಲೇಬೇಕೆಂದು ಹೇಳಿದೆ. ಅದನ್ನು ಯಾವ ಸಭೆಯೂ ನೋಡಿಕೊಳ್ಳಲಾರದು.

ಇನ್ನೊಂದು ಗಂಟು ಉಳಿದಿತ್ತು. ಅಣ್ಣ ದಿನವೂ ಫೋನ್ ಮಾಡಿ "ಇನ್ನು ಅಲ್ಲೇನಿದೆ, ಮಗನನ್ನು ಕರೆದುಕೊಂಡು ಬಂದುಬಿಡು" ಎನ್ನುತ್ತಿದ್ದರು. ಹೋಗಲೇ, ಇರಲೇ ಎಂದು ನನ್ನನ್ನೇ ಕೇಳಿದರು. ಅದಕ್ಕೆ ಉತ್ತರ ಕೊಡುವುದು ನನ್ನ ಕೆಲಸವಲ್ಲ. ಕ್ವೇಕರರಲ್ಲಿ ಇದಕ್ಕೆಂದೇ ಒಂದು ಏರ್ಪಾಡಿದೆ. ನಾನದನ್ನು ತಿಳಿಗೊಳ್ಳುವ ಸಭೆ ಎಂದು ಕರೆಯುತ್ತೇನೆ. ಹಿಂದೆ ಮದುವೆಗೆ ಮುಂಚೆ ಗಂಡುಹೆಣ್ಣಿಗೆ ಬೇರೆ ಕಟ್ಟುಪಾಡು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಹುಟ್ಟಿದ್ದು, ಈಗ ಯಾವುದೇ ಇಕ್ಕಟ್ಟಿಗೂ ಕರೆಯಬಹುದು. ನಂಬಿಕೆಯ ನಾಲ್ಕೈದು ಮಂದಿ ಕೂರುತ್ತಾರೆ. ಪ್ರಶ್ನೆ ಕೇಳುತ್ತಾರೆ, ಬುದ್ಧಿವಾದ ಹೇಳುವುದಿಲ್ಲ. ಉತ್ತರ ಬರುವವರೆಗೂ ಮೌನವಾಗಿ ಕಾಯುತ್ತಾರೆ. ಕದಡಿದ ನೀರು ತಿಳಿಯಾಗಲು ಬಿಡುವಂತೆ.

ಆಕೆ ಕರೆದರು. ನಾಲ್ವರು ಬಂದರು. ಒಬ್ಬ ಮುದುಕರು ಕೇಳಿದ ಪ್ರಶ್ನೆಯನ್ನು ನನಗೆ ಹೇಳಿದರು: "ಊರಿನ ಮನೆಯನ್ನು ನೆನೆದಾಗ ನೀವು ಯಾವ ಕೋಣೆಯಲ್ಲಿ ಇರುತ್ತೀರಿ?" ಉತ್ತರಿಸಲು ಬಹಳ ಹೊತ್ತು ಹಿಡಿಯಿತಂತೆ. "ಯಾರೂ ಗಡಿಯಾರ ನೋಡಲಿಲ್ಲ ಮೇಡಂ. ಆ ಮೌನ ಆವತ್ತು ಬೇರೆಯಾಗಿತ್ತು." ಕೊನೆಗೆ ಆಕೆಗೆ ಹೊಳೆದದ್ದು, ನೆನಪಿನಲ್ಲಿದ್ದ ಕೋಣೆ ಅಮ್ಮನದು, ಅಮ್ಮ ಹೋಗಿ ಒಂಬತ್ತು ವರ್ಷವಾಯಿತು ಎಂಬುದು.

ನಿರ್ಧಾರವಿನ್ನೂ ಆಗಿಲ್ಲ. ಮಗನ ಪರೀಕ್ಷೆ ಮುಗಿಯುವವರೆಗೆ ಅಲ್ಲೇ ಇರುತ್ತಾರೆ, ನಡುವೆ ಒಂದು ತಿಂಗಳು ಊರಿಗೆ ಬಂದುಹೋಗುತ್ತಾರೆ. ನಿದ್ದೆ ಈಗ ಐದು ತಾಸಿಗೆ ಏರಿದೆ. ಕಳೆದ ಕರೆಯಲ್ಲಿ ಕಟ್ಟೆಯ ಮೇಲೆ ಎರಡೇ ಪಾತ್ರೆಗಳಿದ್ದವು. ಒಂದರಲ್ಲಿ ಸಕ್ಕರೆಯ ಬದಲು ಚಿತ್ರಾನ್ನವಿತ್ತು.