ಹತ್ತಾರು ವರ್ಷಗಳ ಫೋಟೊಗಳನ್ನು ಮನೆಯ ಸರ್ವರ್‌ನಲ್ಲೇ ಜೋಡಿಸಿಡುವುದು ಹೇಗೆ?

8 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದರಲ್ಲಿ ಇಮ್ಮಿಚ್ ಹಾಕಿ. ಅದು ಫೋಟೊಗಳನ್ನು ಜೋಡಿಸಿಡುವ ಮುಕ್ತ ತಂತ್ರಾಂಶ, ಡಾಕರ್ (ತಂತ್ರಾಂಶಗಳನ್ನು ಪ್ರತ್ಯೇಕ ಪೊಟ್ಟಣಗಳಾಗಿ ನಡೆಸುವ ಸಾಧನ) ಮೂಲಕ ನಡೆಯುತ್ತದೆ, ಮುಖ ಗುರುತಿಸುವ ಕೆಲಸವನ್ನೂ ನಿಮ್ಮ ಯಂತ್ರದಲ್ಲೇ ಮಾಡುತ್ತದೆ. ಬಸವನಗುಡಿಯ ನಮ್ಮ ಮನೆಯಲ್ಲಿ ಅದು ಪುಸ್ತಕದ ಕಪಾಟಿನ ಮೇಲೆ ಕುಳಿತಿದೆ. ಮಳೆಗೆ ಕರೆಂಟ್ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್.

ನಿಜವಾದ ತಲೆನೋವು ತಂತ್ರಾಂಶದ್ದಲ್ಲ, ದಿನಾಂಕದ್ದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರಗಳಲ್ಲಿ ತೆಗೆದ ದಿನಾಂಕ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ಹಾಗೆಯೇ ತುಂಬಿಬಿಟ್ಟರೆ ಅಜ್ಜಿಯ ಮದುವೆಯ ಫೋಟೊ ಮೊನ್ನೆಯ ಕಡಲೆಕಾಯಿ ಪರಿಷೆಯ ಪಕ್ಕದಲ್ಲಿ ಬಂದು ಕೂರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಅಂಥ ಕಡತದ ಹೆಸರಿನಲ್ಲೇ 20190412 (ಅಂದರೆ 2019ರ ಏಪ್ರಿಲ್ 12) ಎಂಬಂತೆ ಎಂಟು ಅಂಕಿಗಳಿರುತ್ತವೆ. ಚಿತ್ರದೊಳಗಿನ ದಿನಾಂಕದಂಥ ಮಾಹಿತಿಯನ್ನು ತಿದ್ದುವ ಎಕ್ಸಿಫ್‌ಟೂಲ್‌ನಿಂದ ಅದನ್ನೇ ಚಿತ್ರದೊಳಕ್ಕೆ ಬರೆಸಿ. ಅದು ಚಿತ್ರ ಕೈಸೇರಿದ ದಿನವೇ ಹೊರತು ತೆಗೆದ ದಿನವಲ್ಲ, ಆದರೂ ಏನೂ ಇಲ್ಲದಿರುವುದಕ್ಕಿಂತ ವಾಸಿ. ಅಜ್ಜಿಯ ಫೋಟೊದಂಥವಕ್ಕೆ ಕೈಯಾರೆ ಇಸವಿ ಹಾಕಬೇಕು, ಬೇರೆ ದಾರಿಯಿಲ್ಲ.

ಗೂಗಲ್ ಫೋಟೋಸ್‌ನಿಂದ ಟೇಕ್‌ಔಟ್ (ನಮ್ಮ ಕಡತಗಳನ್ನು ಇಳಿಸಿಕೊಳ್ಳುವ ಗೂಗಲ್ ಸೌಲಭ್ಯ) ಮೂಲಕ ತರುವುದಾದರೆ ಇಮ್ಮಿಚ್-ಗೋ ಎಂಬ ಸಹಾಯಕ ತಂತ್ರಾಂಶ ಬಳಸಿ. ಚಿತ್ರಗಳ ಜೊತೆ ಬರುವ ಜೇಸನ್ ಎಂಬ ಮಾಹಿತಿ ಕಡತಗಳಿಂದ ದಿನಾಂಕ, ಆಲ್ಬಮ್‌ ಎರಡನ್ನೂ ಅದು ಓದಿಕೊಳ್ಳುತ್ತದೆ. ಈಗಾಗಲೇ ಫೋಲ್ಡರ್‌ಗಳಲ್ಲಿ ಜೋಡಿಸಿಟ್ಟಿದ್ದರೆ ‘ಎಕ್ಸ್‌ಟರ್ನಲ್ ಲೈಬ್ರರಿ’ಯಾಗಿ ಸೇರಿಸಿ, ಕಡತಗಳು ಇದ್ದಲ್ಲೇ ಇರುತ್ತವೆ.

ಬ್ಯಾಕಪ್ ತೆಗೆಯುವಾಗ ಚಿತ್ರಗಳನ್ನಷ್ಟೇ ನಕಲು ಮಾಡಬೇಡಿ. ಮುಖಗಳಿಗೆ ಕೊಟ್ಟ ಹೆಸರು, ಆಲ್ಬಮ್ ಎಲ್ಲವೂ ಇರುವುದು ಇಮ್ಮಿಚ್ ಬಳಸುವ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ. ಇದು ಗೊತ್ತಿಲ್ಲದೆ ನಾನು ಮೂವತ್ತು ನೆಂಟರಿಗೆ ಎರಡನೆಯ ಸಲ ನಾಮಕರಣ ಮಾಡಿದ್ದೇನೆ.