ಯುರೋಪಿನ ಬೈಸನ್ ಕಾಡಿನಲ್ಲಿ ಪೂರ್ತಿ ಅಳಿದ ಮೇಲೂ ಮತ್ತೆ ಹೇಗೆ ಬಂತು?

ಮೃಗಾಲಯಗಳಲ್ಲಿ, ಖಾಸಗಿ ಆವರಣಗಳಲ್ಲಿ ಉಳಿದಿದ್ದ ಕೆಲವೇ ಪ್ರಾಣಿಗಳಿಂದ. (ನಮ್ಮ ಕಾಟಿಯನ್ನೂ ಬೈಸನ್ ಅನ್ನುವುದು ರೂಢಿ, ಆದರೆ ಅದು ಬೇರೆ ಜಾತಿ.) ಮೊದಲ ಮಹಾಯುದ್ಧದ ಕಾಲದ ಬೇಟೆಗೆ ಪೋಲೆಂಡಿನ ಬಿಯಾವೊವಿಯೆಜಾ ಕಾಡಿನ ಹಿಂಡು 1919ರ ಹೊತ್ತಿಗೆ ಮುಗಿದಿತ್ತು, ಕಾಕಸಸ್ ಬೆಟ್ಟಗಳಲ್ಲಿ ಕೊನೆಯದು ಸತ್ತದ್ದು 1927ರಲ್ಲಿ.

ಈ ಬೈಸನ್ ಉಳಿಸಲೆಂದು 1923ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಂಘ ಎಣಿಸಿದಾಗ ಸಿಕ್ಕಿದ್ದು ಬರೀ 54. ನಿಜವಾಗಿ ಕೆಲಸ ಮಾಡಿದ್ದು ವಂಶಾವಳಿ ಪುಸ್ತಕ. ಪ್ರತಿ ಕರುವಿನ ತಾಯಿ ತಂದೆ ಯಾರೆಂದು ಅದರಲ್ಲಿ ಬರೆದಿಟ್ಟರು, ಅಮೆರಿಕದ ಬೈಸನ್ ಜೊತೆ ಬೆರಕೆಯಾದವನ್ನು ಹೊರಗಿಟ್ಟರು. ಪೋಲೆಂಡಿನ ಹೆಚ್ಚಿನ ಕರುಗಳ ಹೆಸರು ಇಂದಿಗೂ 'ಪೊ' ಎಂದು ಶುರುವಾಗುತ್ತದೆ. 1929ರಿಂದ ಬಿಯಾವೊವಿಯೆಜಾದ ಬೇಲಿಯೊಳಗೆ ಸಾಕಿ, 1952ರಲ್ಲಿ ಕಾಡಿಗೆ ಬಿಡಲಾರಂಭಿಸಿದರು.

ತೊಡಕು ರಕ್ತಸಂಬಂಧದ್ದು. ಇಂದಿನವೆಲ್ಲ ಕೇವಲ 12 ಪ್ರಾಣಿಗಳ ಸಂತತಿ, ಅವುಗಳಲ್ಲಿ ಕಾಕಸಸ್‌ನದು ಒಂದೇ ಹೋರಿ. ವೈವಿಧ್ಯ ಇಷ್ಟು ಕಡಿಮೆಯಿದ್ದರೆ ಒಂದನ್ನು ಕಾಡುವ ರೋಗ ಹಿಂಡನ್ನೇ ಕಾಡಬಹುದು. ಚಳಿಗಾಲದಲ್ಲಿ ಒಣಹುಲ್ಲು ಹಾಕುವ ಜಾಗದಲ್ಲಿ ಎಲ್ಲವೂ ಗುಂಪುಗೂಡುವುದರಿಂದ ಹೊಟ್ಟೆಹುಳುಗಳೂ ಹಬ್ಬುತ್ತವೆ. ಆದರೂ 2019ಕ್ಕೆ ಕಾಡಿನಲ್ಲಿದ್ದವು 6,200ಕ್ಕೂ ಹೆಚ್ಚು.